ಬೇಲಿಯಿಲ್ಲದ ಮನೆಗೆ ಹೋದ ಹ್ಯಾಂಕ್

ಹೋದ ತಿಂಗಳು ಹೊಸ ಹಾಸಿಗೆ ಕೊಳ್ಳಲೆಂದು ಟಕ್ವಿಲಾ ಎಂಬ ಊರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಬಾಗಿಲ ಬಳಿ ಛತ್ರಿ ಮಡಚುತ್ತಿರುವಾಗ ನನ್ನ ಹಿಂದೆಯೇ ಒಬ್ಬಾಕೆ ನೆಂದ ನಾಯಿಯೊಂದನ್ನು ಹಿಡಿದುಕೊಂಡು ಒಳಗೆ ಬಂದಳು. ನಾಯಿಯ ಒದ್ದೆ ಮೈ, ಅದರ ಬೆನ್ನ ಮೇಲಿನ ಕೋಟು, ಮಳೆನೀರು ಹೀರಿದ ಸಿಮೆಂಟು ನೆಲ, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಇದು ಯಾವ ಜಾಗವೆಂದು ಗುರುತು ಸಿಕ್ಕಿತು. ಹಿಂದೆ ಇದೇ ಕಟ್ಟಡದಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರುತ್ತಿದ್ದರು. 2014ರ ಅಕ್ಟೋಬರಿನಿಂದ ಮರುವರ್ಷದ ಜೂನ್‌ವರೆಗೆ ಎರಡು ಶನಿವಾರಕ್ಕೊಮ್ಮೆ ನಾನು ಇಲ್ಲಿ, ಈ ಬಾಗಿಲ ಎಡಕ್ಕೆ, ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ನಾಯಿಗಳನ್ನು ಹಿಡಿದುಕೊಂಡು ನಿಂತಿರುತ್ತಿದ್ದೆ. ಬಂದವರಿಗೆಲ್ಲ ಅವುಗಳನ್ನು ಪರಿಚಯ ಮಾಡಿಸುವುದು, ಮನೆಗೆ ಕರೆದೊಯ್ಯುವ ಮನಸ್ಸಿದ್ದವರಿಗೆ ಅರ್ಜಿ ಕೊಡುವುದು, ಇಷ್ಟೇ ಕೆಲಸ. ಹಾಸಿಗೆ ತೋರಿಸಲು ಬಂದ ಹುಡುಗಿಗೆ ಗಟ್ಟಿಯದು ಬೇಕೋ ಮೆತ್ತನೆಯದು ಬೇಕೋ ಎಂದು ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ನಾಯಿ ಸಾಕಿದವಳಲ್ಲ. ಮೈಸೂರಿನಲ್ಲಿ ಶಾಲೆಗೆ ಹೋಗುವಾಗ ಬೀದಿನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡವಳು. ಬೆಲ್ವ್ಯೂದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಈಸ್ಟ್‌ಗೇಟಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಆ ಅಕ್ಟೋಬರಿನಲ್ಲಿ ಬಾಲ್ಕನಿಗೆ ಬರುವ ಹಕ್ಕಿಗಳಿಗೆ ಕಾಳು ಕೊಳ್ಳಲು ಈ ಅಂಗಡಿಗೆ ಬಂದಿದ್ದೆ. ಕಾಳಿನ ಚೀಲ ಹೊತ್ತು ಹೊರಡುವಾಗ ಬಾಗಿಲಲ್ಲಿದ್ದ ನಾಲ್ಕೈದು ಎತ್ತರದ ನಾಯಿಗಳಲ್ಲಿ ಒಂದು ನನ್ನ ಪಕ್ಕಕ್ಕೆ ಬಂತು. ಬೊಗಳಲಿಲ್ಲ, ನೆಕ್ಕಲಿಲ್ಲ. ಬಸ್ಸಿನಲ್ಲಿ ನಿದ್ದೆ ಬಂದವರು ಪಕ್ಕದವರ ಹೆಗಲಿಗೆ ಒರಗುವ ಹಾಗೆ ತನ್ನ ಇಡೀ ಭಾರವನ್ನು ನನ್ನ ತೊಡೆಗೆ ಕೊಟ್ಟು ನಿಂತುಬಿಟ್ಟಿತು. ನಾನು ಉಸಿರು ಬಿಗಿಹಿಡಿದು ನಿಂತೆ. ಅದರ ಹಗ್ಗ ಹಿಡಿದಿದ್ದ ಹೆಂಗಸು, ಈಗ ನೀವು ಸರಿದರೆ ಅವನು ಬೀಳ್ತಾನೆ, ಎಂದು ನಕ್ಕಳು. ಹತ್ತು ನಿಮಿಷ ಸರಿಯಲಿಲ್ಲ. ಎರಡು ವಾರ ಕಳೆದು ಅವರು ಮತ್ತೆ ಬಂದ ಶನಿವಾರ ಕಾಳು ಬೇಕಿರದಿದ್ದರೂ ಹೋದೆ.

ಆ ಹೆಂಗಸು ಮಾರ್ಲೀನ್. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು. ಈ ನಾಯಿಗಳಿಗೆ ಮನೆ ಹುಡುಕುವ ನಮ್ಮ ಗುಂಪಿಗೆ ಅವಳೇ ಮುಖ್ಯಸ್ಥೆ. ಮಾತು ಕಡಿಮೆ, ನಿಯಮ ಹೆಚ್ಚು. ಈ ನಾಯಿಗಳು ಫ್ಲಾರಿಡಾ ಕಡೆಯ ರೇಸ್ ಮೈದಾನಗಳಿಂದ ಲಾರಿಯಲ್ಲಿ ಬರುತ್ತವೆ ಎಂದು ಅವಳು ಹೇಳಿದಳು. ಮೂರು ನಾಲ್ಕು ವರ್ಷಕ್ಕೇ ಅವುಗಳ ಓಟ ಮುಗಿದಿರುತ್ತದೆ. ಹುಟ್ಟಿದಾಗಿನಿಂದ ಗೂಡಿನಲ್ಲೇ ಬೆಳೆದ ಅವುಗಳಿಗೆ ಮೆಟ್ಟಿಲು ಗೊತ್ತಿಲ್ಲ, ಕನ್ನಡಿ ಗೊತ್ತಿಲ್ಲ, ಗಾಜಿನ ಬಾಗಿಲು ಮುಚ್ಚಿದೆಯೆಂದು ತಿಳಿಯುವುದಿಲ್ಲ. ಕಿವಿಯ ಒಳಗೆ ಹಚ್ಚೆಯ ಅಂಕಿ. ಓಡಲು ಶುರು ಮಾಡಿದರೆ ಯಾವ ಮನುಷ್ಯನೂ ಹಿಡಿಯಲಾರ. ಅದಕ್ಕೇ ಹಗ್ಗವನ್ನು ಮೊದಲು ಮಣಿಕಟ್ಟಿಗೆ ಸುತ್ತಿ, ಆಮೇಲೆ ಮುಷ್ಟಿಯಲ್ಲಿ ಹಿಡಿಯಬೇಕು. ಮೊದಲ ದಿನ ಅವಳು ನನಗೆ ಕಲಿಸಿದ್ದು ಅದನ್ನೇ. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುವವರ ಹಾಗೆ ಮೂರು ಸಲ ಸುತ್ತಿಸಿದಳು.

ಆ ಮಳೆಗಾಲದ ನಾಯಿಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಹ್ಯಾಂಕ್. ಮೈಮೇಲೆ ಹುಲಿಪಟ್ಟೆ, ಮೂರು ವರ್ಷ, ಹಿಂಗಾಲಿನ ಗಿಣ್ಣು ಮುರಿದು ಸೇರಿಕೊಂಡ ಜಾಗದಲ್ಲಿ ಒಂದು ಗಂಟು. ಸೆಪ್ಟೆಂಬರಿನಲ್ಲಿ ಒಂದು ಜೋಡಿ ಅವನನ್ನು ಕರೆದೊಯ್ದು ಐದೇ ವಾರಕ್ಕೆ ವಾಪಸು ತಂದುಬಿಟ್ಟಿತ್ತು. ಅವರಿಬ್ಬರೂ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಅಳುತ್ತಾನೆ, ನೆರೆಯವರು ದೂರು ಕೊಟ್ಟಿದ್ದಾರೆ ಎಂದರು. ಅವರನ್ನು ದೂರುವಂತಿರಲಿಲ್ಲ. ಐವತ್ತು ಅರವತ್ತು ನಾಯಿಗಳ ನಡುವೆ ಬೆಳೆದವನು, ಒಂಟಿಯಾಗಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಮಾರ್ಲೀನ್ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಆದರೆ ಅಲ್ಲಿ ಆಗಲೇ ನಾಲ್ಕಿದ್ದವು, ಫೆಬ್ರವರಿಯಲ್ಲಿ ಇನ್ನೊಂದು ಲಾರಿ ಬರುವುದಿತ್ತು. ಅಷ್ಟರೊಳಗೆ ಅವನಿಗೊಂದು ಮನೆ ಸಿಗದಿದ್ದರೆ ಬೇರೆ ರಾಜ್ಯದ ಗುಂಪಿಗೆ ಕಳಿಸಬೇಕು. ಮತ್ತೆ ಲಾರಿ, ಮತ್ತೆ ಗೂಡು.

ನವೆಂಬರಿನಲ್ಲಿ ನನಗೆ ಇನ್ನೊಂದು ಕೆಲಸ ಒಪ್ಪಿಸಿದರು: ಅರ್ಜಿ ಹಾಕಿದವರ ಮನೆಗೆ ಹೋಗಿ ನೋಡಿ, ವರದಿ ಬರೆಯುವುದು. ಬೇಲಿ ಎಷ್ಟು ಎತ್ತರ, ನಾಯಿ ಎಲ್ಲಿ ಮಲಗುತ್ತದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಇಂಥವೇ ಪ್ರಶ್ನೆ. ಟೆಸ್ಟಿಂಗ್ ಕೆಲಸದವಳಿಗೆ ಇದು ಸುಲಭ ಎಂದುಕೊಂಡೆ. ನಾನು ನೋಡಬೇಕಾದ ಎರಡನೇ ಅರ್ಜಿಯ ಮೇಲೆ ಶೈಲಾಳ ಹೆಸರಿತ್ತು.

ಶೈಲಾ ಬೆಂಗಳೂರಿನ ಜಯನಗರದವಳು. ನಾನು ಈ ದೇಶಕ್ಕೆ ಬಂದ ಮೊದಲ ವಾರ ಪರಿಚಯವಾದವಳು, ಜ್ವರ ಬಂದರೆ ಸಾರು ಕಳಿಸುವವಳು, ನನಗೆ ಡ್ರೈವಿಂಗ್ ಕಲಿಸಿದವಳು. ಗುಡ್ಡದ ಮೇಲೆ ಅವಳೂ ಗಂಡ ಸುಧೀಂದ್ರನೂ ಹೊಸ ಮನೆ ಕೊಂಡಿದ್ದರು. ನಾನು ತೋರಿಸಿದ ಫೋಟೋಗಳಲ್ಲಿ ಅವರ ಮಗಳು ಹ್ಯಾಂಕ್‌ನನ್ನು ಮೆಚ್ಚಿ, ಒಂದು ತಿಂಗಳು ಬಿಡದೆ ಹಟ ಹಿಡಿದಿದ್ದಳಂತೆ. ಸ್ನೇಹಿತೆಯ ಮನೆಗೆ ಬೇರೆಯವರು ಹೋಗಲಿ ಎಂದು ನಾನು ಹೇಳಬೇಕಿತ್ತು. ಸಂತೋಷದಲ್ಲಿ ಅದು ಹೊಳೆಯಲೇ ಇಲ್ಲ.

ಮನೆ ನೋಡಿದರೆ ಯಾರೂ ಬೇಡ ಎನ್ನುವಂತಿರಲಿಲ್ಲ. ಹಿತ್ತಲಿಗೆ ಆರಡಿ ಬೇಲಿ, ಹುಲ್ಲು, ಒಂದು ಸೇಬಿನ ಮರ. ಮಲಗುವ ಜಾಗ ಎಲ್ಲಿ ಎಂದಾಗ ಶೈಲಾ ಗ್ಯಾರೇಜಿನ ಬಾಗಿಲು ತೆರೆದಳು. ಮೂಲೆಯಲ್ಲಿ ಹೊಸ ಹಾಸಿಗೆ, ಗೋಡೆಗೆ ಹೊಸ ಹೀಟರ್. ಅತ್ತೆ ಆರು ತಿಂಗಳು ಇಲ್ಲಿರುತ್ತಾರೆ, ಮಡಿ, ಪೂಜೆ ಎಲ್ಲ ಇದೆ, ಅವರಿರುವಷ್ಟು ದಿನ ನಾಯಿ ಒಳಗೆ ಬರುವಂತಿಲ್ಲ ಎಂದಳು. ಅತ್ತೆಯೂ ಅಲ್ಲೇ ಇದ್ದರು. ಮುಚ್ಚುಮರೆಯಿಲ್ಲದ ಹೆಂಗಸು. ಆ ಪ್ರಾಣಿಯ ಮೇಲೆ ತಮಗೇನೂ ದ್ವೇಷವಿಲ್ಲ, ಆದರೆ ಅರವತ್ತು ವರ್ಷ ನಡೆಸಿಕೊಂಡು ಬಂದದ್ದನ್ನು ಬಿಡಲಾರೆ ಎಂದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಕಾಣಿಸಿದ್ದು ಆ ಗ್ಯಾರೇಜ್ ಮಾತ್ರ: ಬೆಳಿಗ್ಗೆ ಎಂಟಕ್ಕೆ ಕಾರುಗಳೆರಡೂ ಹೊರಟ ಮೇಲೆ ಸಂಜೆ ಆರರವರೆಗೆ ಅಲ್ಲಿ ಒಬ್ಬನೇ ಇರುವ ಹ್ಯಾಂಕ್.

ಅವನು ಒಂಟಿಯಾಗಿರಲಾರ ಎಂದು ವಿವರಿಸಿದೆ. ಶೈಲಾ ನನ್ನನ್ನು ಅಡುಗೆಮನೆಗೆ ಕರೆದು, ಕಾಫಿ ಸೋಸುತ್ತ ಮೆಲ್ಲಗೆ ಹೇಳಿದಳು. "ನೋಡೇ, ಒಂದೇ ಒಂದು ಲೈನ್. ಒಳಗೆ ಮಲಗ್ತಾನೆ ಅಂತ ಬರಿ ಸಾಕು. ಏಪ್ರಿಲ್‌ನಲ್ಲಿ ಅತ್ತೆ ಊರಿಗೆ ಹೋಗ್ತಾರೆ, ಆಮೇಲೆ ಒಳಗೇ ಇರ್ತಾನೆ. ಅದು ಸುಳ್ಳೂ ಆಗಲ್ಲ."

"ನವೆಂಬರಿಂದ ಏಪ್ರಿಲ್‌ವರೆಗೆ ಸುಳ್ಳಾಗತ್ತಲ್ಲ," ಎಂದೆ.

ಅವಳು ಲೋಟ ನನ್ನ ಮುಂದಿಟ್ಟಳು. ಆ ಕಾಫಿಯನ್ನು ನಾನು ಹೇಗೆ ಕುಡಿದೆನೋ ನೆನಪಿಲ್ಲ.

ಮನೆಗೆ ಬಂದು ಮೂರು ದಿನ ವರದಿ ಬರೆಯಲಿಲ್ಲ. ಯಾರಿಗೆ ಏನು ನಷ್ಟ, ಗ್ಯಾರೇಜಾದರೂ ಬೆಚ್ಚಗಿದೆ, ಲಾರಿಗಿಂತ ವಾಸಿಯಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ದಿನ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಾರ್ಲೀನ್ ಅರ್ಜಿಯನ್ನು ಒಪ್ಪಲಿಲ್ಲ. ಶೈಲಾಳಿಂದ ಒಂದು ಮೆಸೇಜ್ ಬಂತು: ಮಗಳು ಎರಡು ದಿನದಿಂದ ಅಳುತ್ತಿದ್ದಾಳೆ, ಥ್ಯಾಂಕ್ಸ್. ಅದಾದ ಮೇಲೆ ಫೋನೂ ಇಲ್ಲ, ಮೆಸೇಜೂ ಇಲ್ಲ. ಡಿಸೆಂಬರಿನಲ್ಲಿ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಯಿತೆಂದು ಬೇರೆಯವರಿಂದ ಕೇಳಿದೆ. ಹತ್ತು ವರ್ಷದಲ್ಲಿ ಮೊದಲ ಸಲ ನನಗೆ ಕರೆಯಿರಲಿಲ್ಲ.

ಆ ಡಿಸೆಂಬರಿನಲ್ಲೇ ಲಿನ್ ಪರಿಚಯವಾದದ್ದು. ಅವಳು ವಿಯೆಟ್ನಾಮಿನವಳು, ಅರವತ್ತರ ಹತ್ತಿರ. ಟಕ್ವಿಲಾದಲ್ಲಿ, ಈ ಅಂಗಡಿಯಿಂದ ನಾಲ್ಕು ಬಾಗಿಲು ಆಚೆಗೆ, ಬಟ್ಟೆ ಚಿಕ್ಕದು ದೊಡ್ಡದು ಮಾಡಿಕೊಡುವ ಟೈಲರ್ ಅಂಗಡಿ ಇಟ್ಟಿದ್ದಳು. ಗ್ರೇಹೌಂಡ್‌ಗಳ ಚರ್ಮ ತೆಳು, ಇಲ್ಲಿಯ ಚಳಿಮಳೆಗೆ ಕೋಟಿಲ್ಲದೆ ಆಗದು. ನಮ್ಮ ಗುಂಪಿನ ನಾಯಿಗಳಿಗೆಲ್ಲ ಕೋಟು ಹೊಲಿಯುತ್ತಿದ್ದವಳು ಅವಳೇ. ಹ್ಯಾಂಕ್‌ನ ಅಳತೆ ಕೊಡಲು ನಾನು ಅವನನ್ನು ಕರೆದುಕೊಂಡು ಹೋದೆ. ಲಿನ್ ಅವನ ಎದೆಯ ಸುತ್ತ ಟೇಪು ಹಿಡಿದಳು, ಬೆನ್ನಿನುದ್ದ ಅಳೆದಳು, ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗುರುತು ಹಾಕಿಕೊಂಡಳು. ಆಮೇಲೆ ಹೊಲಿಯಲು ಕೂತಳು. ಹ್ಯಾಂಕ್ ಯಂತ್ರದ ಸದ್ದು ಕೇಳಿ ಬೆದರುತ್ತಾನೆಂದು ನಾನು ಹಗ್ಗ ಬಿಗಿಮಾಡಿದರೆ, ಅವನು ನಡೆದು ಹೋಗಿ ಅವಳ ಮೇಜಿನ ಕೆಳಗೆ, ಬಟ್ಟೆಯ ಚೂರುಗಳ ಮೇಲೆ ಮಲಗಿಬಿಟ್ಟ. ಐದು ನಿಮಿಷದಲ್ಲಿ ನಿದ್ದೆ. ಗಿರಾಕಿಗಳು ಬಂದರು, ಹೋದರು. ಅವನು ಒಂದು ಕಿವಿಯನ್ನೂ ಎತ್ತಲಿಲ್ಲ. ಹೊರಡುವಾಗ ಅವನನ್ನು ಎಬ್ಬಿಸಲು ಸಾಕುಸಾಕಾಯಿತು.

ಆಮೇಲೆ ಕೋಟಿನ ಕುತ್ತಿಗೆ ಬಿಗಿಯಾಗಿದೆ, ಪಟ್ಟಿ ಉದ್ದವಾಗಿದೆ ಎಂದು ನಾನು ನಾಲ್ಕು ಸಲ ಅವನನ್ನು ಅಲ್ಲಿಗೆ ಕರೆದೊಯ್ದೆ. ನಾಲ್ಕನೆಯ ಸಲ ಕೋಟು ಸರಿಯಾಗಿಯೇ ಇತ್ತು, ಅದು ಲಿನ್‌ಗೂ ಗೊತ್ತಿತ್ತು. ಇಷ್ಟು ವರ್ಷ ನಮಗೆ ಹೊಲಿದುಕೊಟ್ಟಿದ್ದೀರಿ, ನೀವೇಕೆ ಒಂದು ನಾಯಿ ಕೇಳಲಿಲ್ಲ ಎಂದೆ. ಅವಳು ತಲೆ ಎತ್ತದೆ, ನನ್ನದು ಐದನೇ ಮಹಡಿಯ ಮನೆ, ಬೇಲಿ ಎಲ್ಲಿಂದ ತರಲಿ, ಎಂದಳು. ಅರ್ಜಿಯ ಮೊದಲ ಸಾಲೇ ಬೇಲಿ. ಅದನ್ನು ಓದಿ ಎಂದೋ ಮಡಚಿಟ್ಟಿದ್ದಳು.

ಮಾರ್ಲೀನ್ ಹತ್ತಿರ ವಾದ ಮಾಡಿದೆ. ಹ್ಯಾಂಕ್‌ಗೆ ಬೇಕಾದದ್ದು ಬೇಲಿಯಲ್ಲ, ಹಗಲೆಲ್ಲ ಜೊತೆಗಿರುವ ಮನುಷ್ಯರು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, ಒಂದೇ ಒಂದು ಸಲ, ಹಳೆಯದೊಂದನ್ನು ಹೇಳಿದಳು. ವರ್ಷಗಳ ಹಿಂದೆ ಹೀಗೇ ಕನಿಕರಪಟ್ಟು ಬೇಲಿಯಿಲ್ಲದ ಮನೆಗೆ ಒಂದು ಹೆಣ್ಣುನಾಯಿಯನ್ನು ಕೊಟ್ಟಿದ್ದಳು. ಎರಡನೇ ವಾರ ಅದು ತೆರೆದ ಬಾಗಿಲಿನಿಂದ ಓಡಿ ಹೆದ್ದಾರಿಯಲ್ಲಿ ಸತ್ತಿತು. ಕಾಗದಕ್ಕೆ ಸಹಿ ಹಾಕಿದವಳು ತಾನು. ಮಾತು ಮುಗಿಯಿತು ಎನ್ನುವಂತೆ ಎದ್ದು ನಾಯಿಗಳಿಗೆ ನೀರು ಇಡಲು ಹೋದಳು. ನಾನು ಮತ್ತೆ ಎತ್ತಲಿಲ್ಲ.

ಜನವರಿಯ ಒಂದು ಶನಿವಾರ. ಸೋನೆ ಹಿಡಿದಿತ್ತು. ಮಧ್ಯಾಹ್ನ ಎರಡಕ್ಕೆ ಹ್ಯಾಂಕ್‌ನನ್ನು ಉಚ್ಚೆಗೆಂದು ಪಾರ್ಕಿಂಗ್ ಕಡೆ ಕರೆದೊಯ್ದೆ. ಒಂದು ಕೈಯಲ್ಲಿ ಛತ್ರಿ. ಇನ್ನೊಂದರಲ್ಲಿ ಹಗ್ಗ, ಸುಮ್ಮನೆ ಹಿಡಿದದ್ದು, ಮಣಿಕಟ್ಟಿಗೆ ಸುತ್ತಿರಲಿಲ್ಲ. ಮೂರು ತಿಂಗಳಾಯಿತಲ್ಲ, ಅವನು ನನಗೆ ಗೊತ್ತು ಎಂಬ ಸಲಿಗೆ. ಯಾರೋ ತಳ್ಳಿದ ಸಾಮಾನಿನ ಗಾಡಿಗಳ ಸಾಲು ಧಡಾರನೆ ಕಂಬಕ್ಕೆ ಬಡಿಯಿತು. ಅಂಗೈ ಉರಿದದ್ದಷ್ಟೇ ನನಗೆ ತಿಳಿದದ್ದು. ತಲೆಯೆತ್ತಿದಾಗ ಹ್ಯಾಂಕ್ ರಸ್ತೆ ದಾಟಿ ಹೊಳೆಯ ಕಡೆ ಹೋಗುತ್ತಿದ್ದ. ಅವನು ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅಂಥ ಹೊತ್ತಿನಲ್ಲೂ, ಎಷ್ಟು ಚೆನ್ನಾಗಿ ಓಡುತ್ತಾನೆ ಎಂದು ಮನಸ್ಸಿಗೆ ಬಂತು. ಆಮೇಲೆ ಛತ್ರಿ ಬಿಸಾಡಿ ಅಂಗಡಿಯ ಕಡೆ ಓಡಿದೆ.

ನನ್ನ ತಪ್ಪು ಎಂದು ಮಾರ್ಲೀನ್‌ಗೆ ಹೇಳಿದೆ. ಹಗ್ಗ ಸುತ್ತಿರಲಿಲ್ಲ ಎಂದೂ ಹೇಳಿದೆ. ಅವಳು ಬೈಯಲಿಲ್ಲ. ಅಟ್ಟಿಸಿಕೊಂಡು ಹೋಗಬೇಡಿ, ಹೆಸರು ಹಿಡಿದು ಕೂಗಬೇಡಿ, ಕಂಡರೆ ಕೂತುಕೊಂಡು ಫೋನ್ ಮಾಡಿ ಎಂದು ಎಲ್ಲರಿಗೂ ಹೇಳಿ, ಗುಂಪು ಗುಂಪಾಗಿ ಕಳಿಸಿದಳು. ಆ ಊರಿನಲ್ಲಿ ಎರಡು ಹೆದ್ದಾರಿ ಕೂಡುತ್ತವೆ, ರೈಲು ಹಳಿಯಿದೆ, ಹೊಳೆ ತುಂಬಿತ್ತು. ನಾನು ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಹ್ಯಾಂಕ್‌ನ ಫೋಟೋ ಹಾಕಿ, ಟಕ್ವಿಲಾ ಹತ್ತಿರ ಇರುವವರು ದಯವಿಟ್ಟು ನೋಡಿ ಎಂದು ಬರೆದೆ.

ಒಂದು ಗಂಟೆಯಾಗಿರಬೇಕು. ಹೊಳೆ ದಂಡೆಯ ದಾರಿಯಲ್ಲಿ ಒಬ್ಬಳೇ ಹೋಗುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಕೇಳಿತು. ಶೈಲಾ. ಮಳೆಯಂಗಿ, ಬೂಟು, ಕೈಯಲ್ಲಿ ಫ್ಲಾಸ್ಕು.

"ಯಾವ ಕಡೆ ಇನ್ನೂ ನೋಡಿಲ್ಲ, ಹೇಳು," ಎಂದಳು. "ಸುಧೀಂದ್ರ ಗೋಡೌನ್‌ಗಳ ಕಡೆ ಕಾರಲ್ಲಿ ಸುತ್ತುತಿದಾನೆ."

ನಾನು ಏನೋ ಹೇಳಲು ಹೋದೆ.

"ಅದೆಲ್ಲ ಆಮೇಲೆ," ಎಂದು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು ಕೊಟ್ಟಳು.

ನಾಲ್ಕೂವರೆಗೆ ಕತ್ತಲಾಯಿತು. ಭಾನುವಾರವೂ ಸುತ್ತಿದೆವು. ಪ್ರತಿ ಕಂಬಕ್ಕೂ ಫೋಟೋ ಅಂಟಿಸಿದೆವು. ಲಿನ್ ಅಂಗಡಿಯ ಗಾಜಿಗೂ ಒಂದನ್ನು ಅಂಟಿಸಿ, ಪ್ರತಿ ಗಿರಾಕಿಗೂ ತೋರಿಸುತ್ತಿದ್ದಳು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಗೋಡೌನೊಂದರ ಕೆಲಸಗಾರ ಮಾರ್ಲೀನ್‌ಗೆ ಫೋನ್ ಮಾಡಿದ: ಸರಕು ಇಳಿಸುವ ಕಟ್ಟೆಯ ಹಿಂದೆ ಒಂದು ಬಡಕಲು ನಾಯಿ ಇದೆ, ಹತ್ತಿರ ಹೋದರೆ ಓಡುತ್ತದೆ. ನಾನು ಆಫೀಸಿಗೆ ರಜೆ ಹೇಳಿದೆ. ಶೈಲಾಳಿಗೆ ತಿಳಿಸಿದೆ, ಲಿನ್‌ಗೂ.

ನಾವು ಹೋದಾಗ ಹ್ಯಾಂಕ್ ಖಾಲಿ ಮರದ ಪೆಟ್ಟಿಗೆಗಳ ರಾಶಿಯ ಆಚೆ ನಿಂತಿದ್ದ. ಬಾಲ ಹೊಟ್ಟೆಯೊಳಗೆ ಸೇರಿತ್ತು. ಅವನ ಹಿಂದೆ ಐವತ್ತು ಗಜದಲ್ಲಿ ರೈಲು ಹಳಿ. ಮಾರ್ಲೀನ್ ಒಂದು ಹೆಜ್ಜೆ ಇಟ್ಟಳು, ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ. ನಾನು ಕದಲಲೇ ಇಲ್ಲ. ಆಗ ಲಿನ್ ಬಂದಳು. ಅಂಗಡಿಗೆ ಬೀಗ ಹಾಕಿ ಬಂದಿದ್ದಳು. ಒಂದು ಕೈಯಲ್ಲಿ ಮಡಚುವ ಸ್ಟೂಲು, ಇನ್ನೊಂದರಲ್ಲಿ ಯಾರದೋ ಪ್ಯಾಂಟು, ಅಂಚು ಹೊಲಿಯಬೇಕಾದದ್ದು. ನಮ್ಮನ್ನು ದಾಟಿ ಹೋಗಿ, ರಾಶಿಗೆ ಸ್ವಲ್ಪ ದೂರದಲ್ಲಿ ಸ್ಟೂಲು ಹಾಕಿ, ಹ್ಯಾಂಕ್‌ಗೆ ಬೆನ್ನು ಮಾಡಿ ಕೂತಳು. ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿಯತೊಡಗಿದಳು. ಮಳೆ ಅವಳ ತಲೆಯ ಮೇಲೆ ಬೀಳುತ್ತಲೇ ಇತ್ತು. ಅವಳು ಅವನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಮುಕ್ಕಾಲು ಗಂಟೆ ಕಳೆಯಿತು. ದೂರದಲ್ಲಿ ರೈಲಿನ ಶಿಳ್ಳೆ ಕೇಳಿದಾಗ ಶೈಲಾ ನನ್ನ ಕೈ ಹಿಡಿದಳು. ಹ್ಯಾಂಕ್ ಆ ಕಡೆ ಕಿವಿ ತಿರುಗಿಸಿದ, ಒಂದು ಕಾಲು ಎತ್ತಿದ. ಆಮೇಲೆ ನಮ್ಮ ಕಡೆ ಬಂದ. ನಾಲ್ಕು ಹೆಜ್ಜೆ ಬಂದು ನಿಂತ, ಮತ್ತೆ ನಾಲ್ಕು. ಲಿನ್‌ಳ ಬೆನ್ನ ಹತ್ತಿರ ಬಂದು ಅವಳ ಕೋಟನ್ನು ಮೂಸಿದ, ಪ್ಯಾಂಟನ್ನು ಮೂಸಿದ. ಆಮೇಲೆ ಅವಳ ಬೆನ್ನಿಗೆ ಒರಗಿದ. ಲಿನ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅವಸರವಿಲ್ಲದೆ ಕೈಯನ್ನು ಹಿಂದಕ್ಕೆ ತಂದು ಅವನ ಕೊರಳಪಟ್ಟಿ ಹಿಡಿದಳು.

ಅವನ ಅಂಗಾಲುಗಳ ಚರ್ಮ ಕಿತ್ತು ಹೋಗಿತ್ತು. ಮಾರ್ಲೀನ್ ಅವನನ್ನು ಕಂಬಳಿಯಲ್ಲಿ ಸುತ್ತಿ ವ್ಯಾನಿಗೆ ಹತ್ತಿಸಿದಳು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಬಹಳ ಹೊತ್ತು ಗಾಡಿ ಶುರು ಮಾಡಲಿಲ್ಲ. ಕೊನೆಗೆ ಕಿಟಕಿ ಇಳಿಸಿ ಲಿನ್‌ಳನ್ನು ಕರೆದಳು.

"ನಿಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆಯಾ?" ಎಂದು ಕೇಳಿದಳು.

ಇದೆ ಎಂದಳು ಲಿನ್.

ನನ್ನನ್ನು ಮಾತ್ರ ಮಾರ್ಲೀನ್ ಸುಮ್ಮನೆ ಬಿಡಲಿಲ್ಲ. ಎರಡು ತಿಂಗಳು ನಾನು ಹೊರಗಡೆ ಯಾವ ನಾಯಿಯ ಹಗ್ಗವನ್ನೂ ಹಿಡಿಯಕೂಡದು ಎಂದಳು. ಒಪ್ಪಿಕೊಂಡೆ. ಆ ಎರಡು ತಿಂಗಳು ಗೂಡು ತೊಳೆದೆ, ಕಂಬಳಿ ಒಗೆದೆ, ಫೆಬ್ರವರಿಯ ಲಾರಿ ಬಂದಾಗ ಕಿವಿಗಳ ಹಚ್ಚೆ ಓದಿ ಪುಸ್ತಕಕ್ಕೆ ಬರೆದುಕೊಂಡೆ. ಹಾಗೆ ನೋಡಿದರೆ ನನಗೆ ಆ ಕೆಲಸವೇ ಹೆಚ್ಚು ಹಿಡಿಸಿತು. ಲಿನ್‌ಳ ಮನೆಗೆ ವರದಿ ಬರೆಯಲು ಹೋದವಳು ನಾನೇ. ಬೇಲಿ ಎಂಬಲ್ಲಿ ಇಲ್ಲ ಎಂದು ಬರೆದೆ. ಹಗಲು ಯಾರಿರುತ್ತಾರೆ ಎಂಬಲ್ಲಿ ಬರೆಯಲು ಜಾಗ ಸಾಲಲಿಲ್ಲ, ಹಾಳೆಯ ಹಿಂಬದಿಗೆ ಹೋದೆ. ಹೊರಗೆ ಯಾವಾಗಲೂ ಎರಡು ಕೊರಳಪಟ್ಟಿ, ಎರಡು ಹಗ್ಗ ಎಂದು ಮಾರ್ಲೀನ್ ಒಪ್ಪಂದದಲ್ಲಿ ಕೈಬರಹದಲ್ಲಿ ಸೇರಿಸಿದಳು. ಲಿನ್ ಅದನ್ನು ಓದಿ, ಕೊರಳಪಟ್ಟಿಗಳನ್ನು ತಾನೇ ಹೊಲಿಯುತ್ತೇನೆ, ಅಂಗಡಿಯವು ಗಟ್ಟಿಯಿರುವುದಿಲ್ಲ, ಎಂದಳು.

ವಸಂತ ಬಂತು. ಹ್ಯಾಂಕ್ ಬೆಳಿಗ್ಗೆ ಲಿಫ್ಟಿನಲ್ಲಿ ಇಳಿದು, ಹೊಳೆ ದಂಡೆಯಲ್ಲಿ ನಡೆದು, ಹತ್ತಕ್ಕೆ ಅಂಗಡಿ ಸೇರುತ್ತಿದ್ದ. ಮೇಜಿನ ಕೆಳಗೆ ನಾಲ್ಕೂ ಕಾಲು ಮೇಲೆತ್ತಿ ಮಲಗುತ್ತಿದ್ದ. ಪ್ಯಾಂಟು ಹೊಲಿಸಲು ಬಂದವರು ಕೆಲಸ ಮುಗಿದ ಮೇಲೂ ಕೂತಿರುತ್ತಿದ್ದರು. ಅವರಲ್ಲಿ ಮೂವರು ಅರ್ಜಿ ಹಾಕಿ, ಇಬ್ಬರು ನಾಯಿ ಕರೆದೊಯ್ದರು. ನಾವು ಬಾಗಿಲಲ್ಲಿ ನಿಂತು ಮಾಡಿದ್ದಕ್ಕಿಂತ ಅವನು ಮಲಗಿ ಮಾಡಿದ್ದೇ ಹೆಚ್ಚು ಎಂದು ಮಾರ್ಲೀನ್ ಹೇಳುತ್ತಿದ್ದಳು.

ಜೂನಿನ ಒಂದು ಶನಿವಾರ ಶೈಲಾ ಎರಡು ರವಿಕೆ ಸಡಿಲ ಮಾಡಿಸಬೇಕೆಂದಳು, ಇಬ್ಬರೂ ಲಿನ್ ಅಂಗಡಿಗೆ ಹೋದೆವು. ಅವಳ ಮಗಳು ನೆಲದ ಮೇಲೆ ಕೂತು ಹ್ಯಾಂಕ್‌ನ ಕಿವಿ ಸವರುತ್ತ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದಳು. ನಾವಿಬ್ಬರೂ ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ನವೆಂಬರಿನಿಂದ ಯಾರೂ ಎತ್ತದ ಮಾತನ್ನು ಶೈಲಾ ಎತ್ತಿದಳು.

"ನಂಗೆ ನಿನ್ನ ಮೇಲೆ ತುಂಬ ಸಿಟ್ಟಿತ್ತು," ಎಂದಳು. "ಈಗ್ಲೂ ಸ್ವಲ್ಪ ಇದೆ. ಆದರೆ ಇವನು ನಮ್ಮ ಗ್ಯಾರೇಜಲ್ಲಿ ಇರ್ತಿದ್ದ ಅಂತ ನೆನೆಸಿಕೊಂಡರೆ ಒಂಥರಾ ಆಗತ್ತೆ."

ನಾನು ಗಾಜಿನಾಚೆ ಮಲಗಿದ್ದ ಹ್ಯಾಂಕ್‌ನನ್ನು ನೋಡಿದೆ.

"ಅತ್ತೆ ಈ ವರ್ಷ ಬರಲ್ಲಂತೆ. ಮುಂದಿನ ಲಾರಿ ಬಂದಾಗ ನಾವು ಮತ್ತೆ ಅರ್ಜಿ ಹಾಕ್ತೀವಿ. ನಾನೂ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡೋ ಹಾಗೆ ಮಾತಾಡಿಕೊಂಡಿದೀನಿ." ಮತ್ತೆ ಸೇರಿಸಿದಳು. "ಆದರೆ ಈ ಸಲ ಮನೆ ನೋಡಕ್ಕೆ ನೀನು ಬರಬೇಡ. ಬೇರೆ ಯಾರನ್ನಾದರೂ ಕಳಿಸು."

"ಇಲ್ಲ," ಎಂದೆ. "ನಾನೇ ಬರ್ತೀನಿ. ಇದ್ದದ್ದನ್ನ ಇದ್ದ ಹಾಗೇ ಬರೀತೀನಿ."

ಶೈಲಾ ನನ್ನ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು, ಲಿನ್ ರವಿಕೆಯ ಅಳತೆಗೆ ಒಳಗೆ ಕರೆಯುವವರೆಗೂ ನಿಲ್ಲಿಸಲಿಲ್ಲ.